ಬಿಲಾತಿಯಿಂದ ಬಂದ ಬಂಡಿ

ರೋಡ್‌ಸ್ಟರ್ ಎಂಬ ಇಂಗ್ಲಿಷ್ ಮಾತು ಹುಟ್ಟಿದ್ದು ಮೋಟಾರು ಗಾಡಿಗಾಗಿ ಅಲ್ಲ, ಕುದುರೆಗಾಗಿ. ದೂರದ ದಾರಿಯನ್ನು ದಣಿಯದೆ ಸವೆಸಬಲ್ಲ ಕುದುರೆಯನ್ನು ಹತ್ತೊಂಬತ್ತನೆಯ ಶತಮಾನದ ಆಂಗ್ಲರು ಹಾಗೆ ಕರೆಯುತ್ತಿದ್ದರು. ಆ ಹೆಸರು ಮುಂದೆ ಬೈಸಿಕಲ್ಲಿಗೆ ಹತ್ತಿತು; ಮೇಲುಛಾವಣಿಯಿಲ್ಲದ, ಇಬ್ಬರಷ್ಟೇ ಕೂರಬಹುದಾದ ಮೋಟಾರು ಕಾರಿಗೂ ಬಂದಿತು. ನಮ್ಮ ಹಳ್ಳಿಗಳಲ್ಲಿ ಹಾಲಿನವರೂ ಅಂಚೆಯವರೂ ಮೇಷ್ಟರೂ ತುಳಿಯುತ್ತಿದ್ದ ಎತ್ತರದ ಕರಿಯ ಸೈಕಲ್ಲಿಗೆ ವ್ಯಾಪಾರದ ಭಾಷೆಯಲ್ಲಿ ರೋಡ್‌ಸ್ಟರ್ ಎಂದೇ ಹೆಸರು. ಆದ್ದರಿಂದ ಈ ಮಾತನ್ನು ಕೇಳುತ್ತಿರುವ ನಿಮ್ಮಲ್ಲಿ ಅನೇಕರು, ತಿಳಿಯದೆಯೇ, ರೋಡ್‌ಸ್ಟರ್ ಸವಾರಿ ಮಾಡಿದವರು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಮಲೆನಾಡಿನ ಜನ ಬೈಸಿಕಲ್ಲನ್ನು ಬೀಸೆಕಲ್ಲು ಮಾಡಿಕೊಂಡದ್ದು ಓದಿದವರಿಗೆ ನೆನಪಿರಬೇಕು. ಪರದೇಶದ ಯಂತ್ರವನ್ನು ಮನೆಗೆ ಸೇರಿಸಿಕೊಳ್ಳುವಾಗ ನಮ್ಮವರು ಮೊದಲು ಅದರ ಹೆಸರನ್ನು ನಾಲಗೆಗೆ ಒಗ್ಗಿಸಿಕೊಳ್ಳುತ್ತಾರೆ. ಕಾರಿನ ರೋಡ್‌ಸ್ಟರ್ ಮಾತ್ರ ಹಾಗೆ ಒಗ್ಗಲಿಲ್ಲ. ನಮ್ಮ ಸೀಮೆಗೆ ಅದು ಬಂದದ್ದೇ ಅಪರೂಪ.

ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಈ ವಿಷಯದ ಗೊಡವೆ ಏಕೆ ಎಂದು ಕೇಳಬಹುದು. ಚನ್ನಗಿರಿ ಕಡೆಯ ಅಡಿಕೆ ತೋಟದ ಮನೆತನವೊಂದರ ಹುಡುಗ ನನ್ನ ಶಿಷ್ಯ. ಹುಡುಗ ಎಂದೆನಾದರೂ ಅವನ ಕಿವಿಯ ಪಕ್ಕದಲ್ಲಿ ಈಗ ನರೆ ಇಣುಕಿದೆ. ಅವನ ತಾತ ಇಂಗ್ಲೆಂಡಿನಲ್ಲಿ ವೈದ್ಯ ಪದವಿ ಪಡೆದು 1948ರಲ್ಲಿ ಹಿಂತಿರುಗುವಾಗ ಒಂದು ಎಂ.ಜಿ. ರೋಡ್‌ಸ್ಟರನ್ನು ಹಡಗಿನಲ್ಲಿ ಮುಂಬಯಿಗೆ ತಂದು, ಹೊನ್ನಾಳಿಯಲ್ಲಿ ವೃತ್ತಿ ಹೂಡಿದರು. ಆ ಕಾರನ್ನು ಈಗ ಮಾರಬೇಕಾಗಿದೆ. ಅಣ್ಣತಮ್ಮಂದಿರ ಪಾಲು ವಿಭಾಗದಲ್ಲಿ ತೋಟವನ್ನು ಸಾಲು ಎಣಿಸಿ ಹಂಚಬಹುದು, ಕಾರನ್ನು ಹಂಚಲಾಗದು. “ಕೊಳ್ಳುವವರು ಇದರ ಚರಿತ್ರೆ ಬರೆದುಕೊಡಿ ಅಂತಾರೆ ಸಾರ್, ನಮ್ಮ ಮನೆಯಲ್ಲಿ ಬರೆಯೋರು ಯಾರಿದ್ದಾರೆ?” ಎಂದು ಅವನು ಕಾಗದದ ಕಟ್ಟನ್ನು ನನ್ನ ಮುಂದಿಟ್ಟ. ಆ ಕಟ್ಟನ್ನು ಬಿಚ್ಚುತ್ತ ಹೋದಂತೆ ಒಂದು ಮನೆಯ ಕಾರಿನ ಚರಿತ್ರೆ ಒಂದು ದೇಶದ ಲೆಕ್ಕಪತ್ರವಾಗಿ ಕಾಣತೊಡಗಿತು.

ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನಲ್ಲಿ ಮಾರಿಸ್ ಕಾರುಗಳನ್ನು ಮಾರುತ್ತಿದ್ದ ಮಳಿಗೆ ಅದು. ಅದರ ವ್ಯವಸ್ಥಾಪಕನಾಗಿದ್ದ ಸೆಸಿಲ್ ಕಿಂಬರ್ ಎಂಬಾತ ಸಾಧಾರಣ ಮಾರಿಸ್ ಕಾರಿಗೆ ಚುರುಕಾದ ಒಡಲನ್ನು ತೊಡಿಸಿ ಹೊಸ ಕುಲವನ್ನೇ ಹುಟ್ಟಿಸಿದ. 1929ರಿಂದ 1980ರವರೆಗೆ ಈ ಕಾರುಗಳು ಅಬಿಂಗ್ಡನ್ ಎಂಬ ಸಣ್ಣ ಊರಿನಲ್ಲಿ ತಯಾರಾದವು. ನಮ್ಮ ವೈದ್ಯರು ತಂದದ್ದು ಟಿ.ಸಿ. ಎಂಬ ಮಾದರಿ, 1945ರಿಂದ 1949ರವರೆಗೆ ಅಂಥವು ಸುಮಾರು 10,000 ಹೊರಬಂದವು. 1250 ಸಿ.ಸಿ. ಎಂಜಿನ್ನು, ಹತ್ತೊಂಬತ್ತು ಅಂಗುಲದ ತಂತಿ ಕಡ್ಡಿಗಳ ಚಕ್ರ, ಮುಂದಕ್ಕೆ ಮಡಿಸಬಹುದಾದ ಗಾಜು, ಬೆನ್ನಿಗೆ ಕಟ್ಟಿದ ಪೆಟ್ಟಿಗೆಯಂತೆ ಕಾಣುವ ಪೆಟ್ರೋಲು ಟ್ಯಾಂಕು. ಕಬ್ಬಿಣದ ತಗಡಿನ ಒಳಗೆ ಇರುವುದು ಆ್ಯಶ್ ಮರದ ಚೌಕಟ್ಟು. ಚಾಸಿ ಸಂಖ್ಯೆ ಆರಂಭವಾಗುವುದು 0251ರಿಂದ. ಏಕೆಂದರೆ ಕಾರ್ಖಾನೆಯ ದೂರವಾಣಿಯ ಸಂಖ್ಯೆ 251! ಲೆಕ್ಕಕ್ಕಿಂತ ಲಹರಿಗೆ ಬೆಲೆ ಕೊಟ್ಟ ಜನ ಅವರು.

ಯುದ್ಧದಿಂದ ಜರ್ಝರಿತವಾದ ಬ್ರಿಟನ್ನಿನಿಂದ ಇಂಥ ವಿಲಾಸದ ವಸ್ತು ಹೊರಬಂದದ್ದು ಹೇಗೆ? ಅಲ್ಲಿನ ಸರ್ಕಾರ ಆಗ ಉಕ್ಕನ್ನು ಅಳೆದು ಕೊಡುತ್ತಿತ್ತು. ಯಾವ ಕಾರ್ಖಾನೆ ಹೆಚ್ಚು ಮಾಲನ್ನು ಹೊರದೇಶಕ್ಕೆ ಮಾರುವುದೋ ಅದಕ್ಕೆ ಹೆಚ್ಚು ಉಕ್ಕು. ಆದ್ದರಿಂದ ತಮ್ಮ ಜನ ಕಾದು ಕುಳಿತಿದ್ದರೂ ಕಾರುಗಳು ಹಡಗು ಹತ್ತುತ್ತಿದ್ದವು. ಇತ್ತ ನಮ್ಮ ದೇಶ ಅಂದು ಬ್ರಿಟನ್ನಿಗೆ ಸಾಲಗಾರನಾಗಿರಲಿಲ್ಲ, ಸಾಹುಕಾರನಾಗಿತ್ತು. ಯುದ್ಧಕಾಲದಲ್ಲಿ ಭಾರತದಿಂದ ಸೈನ್ಯಕ್ಕೆ ಒದಗಿಸಿದ ಬಟ್ಟೆ, ಧಾನ್ಯ, ಸರಕುಗಳ ಬಾಬ್ತು ಲಂಡನ್ನಿನಲ್ಲಿ ಲೆಕ್ಕದ ಪುಸ್ತಕದಲ್ಲಿ ಮಾತ್ರ ಜಮೆಯಾಗುತ್ತ ಹೋಗಿ, ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 130 ಕೋಟಿ ಪೌಂಡಿನಷ್ಟಾಗಿತ್ತು. ಸ್ಟರ್ಲಿಂಗ್ ಬಾಕಿ ಎಂದು ಅದಕ್ಕೆ ಹೆಸರು. 1943ರ ಬಂಗಾಳದ ಕ್ಷಾಮವನ್ನು ನೆನೆದರೆ ಆ ಬಾಕಿಯ ಹಿಂದೆ ಎಷ್ಟು ಹಸಿವು ಇತ್ತೆಂಬುದು ತಿಳಿಯುತ್ತದೆ. ಸ್ವಾತಂತ್ರ್ಯದ ಮೊದಮೊದಲ ವರ್ಷಗಳಲ್ಲಿ ಈ ಬಾಕಿಯ ಒಂದಂಶ ಆಮದಾದ ಸರಕಿನ ರೂಪದಲ್ಲಿ ಹಿಂದಕ್ಕೆ ಬಂದಿತು. ಯಂತ್ರೋಪಕರಣಗಳು ಬಂದವು, ಆಹಾರ ಬಂದಿತು, ಮೋಟಾರುಗಳೂ ಬಂದವು. ವೈದ್ಯರು ತಮ್ಮ ಗಾಡಿಗೆ ತಮ್ಮ ಹಣವನ್ನೇ ಕೊಟ್ಟರು, ಸರಿ. ಆದರೆ ಅಂಥ ಗಾಡಿಗಳು ಮುಂಬಯಿಯ ದಕ್ಕೆಯಲ್ಲಿ ಇಳಿಯಬಹುದಾದ ಕಾಲವನ್ನು ತೆರೆದದ್ದು ಆ ಬಾಕಿ.

ಆ ಬಾಗಿಲು ಬಹುಕಾಲ ತೆರೆದಿರಲಿಲ್ಲ. 1949ರಿಂದ ಇಡಿಯ ಕಾರುಗಳ ಆಮದಿಗೆ ಬಿಗಿ ಬಿದ್ದಿತು. 1953ರಲ್ಲಿ ಸುಂಕ ಆಯೋಗದ ಶಿಫಾರಸಿನಂತೆ, ಇಲ್ಲಿಯೇ ಕ್ರಮೇಣ ತಯಾರಿಸುವ ಯೋಜನೆಯಿಲ್ಲದ ಕಂಪನಿಗಳಿಗೆ ಎಡೆಯಿಲ್ಲವಾಯಿತು. ಬಿಡಿಭಾಗ ತಂದು ಜೋಡಿಸುತ್ತಿದ್ದ ಫೋರ್ಡ್, ಜನರಲ್ ಮೋಟಾರ್ಸ್ ಸಂಸ್ಥೆಗಳು ಕೈತೊಳೆದುಕೊಂಡು ಹೋದವು. ಉಳಿದದ್ದು ಅಂಬಾಸಡರ್, ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್. 1961ರಿಂದ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ನಿಮ್ಮಲ್ಲಿ ಹಿರಿಯರು ನೋಡಿರುತ್ತೀರಿ. ಇಂಗ್ಲೆಂಡಿನಲ್ಲಿ ಅದೇ ಹೆರಾಲ್ಡಿನ ಚಾಸಿಯನ್ನು ಮೊಟಕುಗೊಳಿಸಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಸೊಗಸಾದ ರೋಡ್‌ಸ್ಟರ್ ಮಾಡಿದರು. ಅಕ್ಕ ನಮ್ಮ ಊರಿಗೆ ಸೊಸೆಯಾಗಿ ಬಂದಳು, ತಂಗಿ ತವರಿನಲ್ಲೇ ಉಳಿದಳು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಕಾರನ್ನು ಬಿಲಾತಿಯಿಂದಲೇ ತರಿಸಬೇಕಾದ ಗತಿ ನಮಗೆ ತಾನಾಗಿ ಬಂದದ್ದಲ್ಲ. ಚನ್ನಗಿರಿಗೆ ದೂರವಲ್ಲದ ಭದ್ರಾವತಿಯಲ್ಲಿ 1923ರಲ್ಲಿಯೇ ಮೈಸೂರು ಸಂಸ್ಥಾನದ ಕಬ್ಬಿಣದ ಕುಲುಮೆ ಹೊತ್ತಿಕೊಂಡಿತ್ತು. ಅದನ್ನು ಎತ್ತಿ ನಿಲ್ಲಿಸಿದ ವಿಶ್ವೇಶ್ವರಯ್ಯನವರು ಮೂವತ್ತರ ದಶಕದಲ್ಲಿ, ತಮ್ಮ ಎಪ್ಪತ್ತನೆಯ ವಯಸ್ಸು ಕಳೆದ ಮೇಲೆ, ಮೋಟಾರು ಕಾರ್ಖಾನೆಯೊಂದನ್ನು ಭಾರತದಲ್ಲಿ ಕಟ್ಟಬೇಕೆಂದು ಯೂರೋಪು ಅಮೆರಿಕಗಳನ್ನು ಸುತ್ತಿ ಯೋಜನೆ ಸಿದ್ಧಪಡಿಸಿದರು. ಮುಂಬಯಿಯ ಉದ್ಯಮಿ ವಾಲಚಂದ್ ಹೀರಾಚಂದ್ ಕೈಜೋಡಿಸಿದರು. ಫೋರ್ಡ್ ಒಪ್ಪಲಿಲ್ಲ, ಕ್ರೈಸ್ಲರ್ ಒಪ್ಪಿತು. ಕಾರ್ಖಾನೆ ಬೆಂಗಳೂರಿನಲ್ಲಿ ಆಗುವುದಾದರೆ ನೆರವು ನೀಡಲು ದಿವಾನ್ ಮಿರ್ಜಾ ಇಸ್ಮಾಯಿಲರ ಸರ್ಕಾರ ಸಿದ್ಧವಿತ್ತು. ಆದರೆ ದೆಹಲಿಯ ಬ್ರಿಟಿಷ್ ಸರ್ಕಾರ ಒಪ್ಪಿಗೆ ಕೊಡಲಿಲ್ಲ. ಯುದ್ಧದ ನೆಪವಿತ್ತು, ಡಾಲರಿನ ನೆಪವಿತ್ತು. ಅದೇ ಯುದ್ಧದ ಅಗತ್ಯಕ್ಕಾಗಿ ಅದೇ ವಾಲಚಂದರು ಅದೇ ಬೆಂಗಳೂರಿನಲ್ಲಿ 1940ರ ಡಿಸೆಂಬರಿನಲ್ಲಿ ವಿಮಾನದ ಕಾರ್ಖಾನೆ ತೆರೆದರು! ವಿಮಾನವಾಗಬಹುದಾದ ಊರಿನಲ್ಲಿ ಕಾರು ಆಗಬಾರದಿತ್ತು. ವಾಲಚಂದರ ಕಾರಿನ ಕಂಪನಿ ಕೊನೆಗೆ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಇದು ನಮ್ಮ ನಾಡಿನ ಆರ್ಥಿಕ ಚರಿತ್ರೆಯಲ್ಲಿ ದೊಡ್ಡ ನಷ್ಟವೆಂದು ನನ್ನ ಅಭಿಪ್ರಾಯ. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಒಂದು ಸಾಲಾದರೂ ಸಿಗಬೇಕಿತ್ತು.

ಬಂದ ಕಾರುಗಳು ಹಿಂತಿರುಗಿ ಹೋದ ಕಥೆಯೂ ನಮ್ಮದೇ. 1966ರ ಜೂನ್ 6ರಂದು ರೂಪಾಯಿಯ ಬೆಲೆ ಇಳಿಸಲಾಯಿತು. ಡಾಲರಿಗೆ 4 ರೂಪಾಯಿ 76 ಪೈಸೆ ಇದ್ದದ್ದು 7 ರೂಪಾಯಿ 50 ಪೈಸೆಯಾಯಿತು. ರಾಜಮನೆತನಗಳ ಕೈ ಅದಾಗಲೇ ಬಿಗಿಯಾಗಿತ್ತು. ಅವರ ಕಾರುಮನೆಗಳಲ್ಲಿ ನಿಂತಿದ್ದ ರೋಲ್ಸ್ ರಾಯ್ಸ್‌ಗಳು ಹೊರದೇಶದವರಿಗೆ ಬಲು ಅಗ್ಗವಾಗಿ ಕಂಡವು. ಆ ದಶಕದಲ್ಲಿ ಅಮೆರಿಕದ ಒಕ್ಲಹೋಮಾ ಪ್ರಾಂತ್ಯದ ಜೇಮ್ಸ್ ಲೀಕ್ ಎಂಬ ಸಂಗ್ರಾಹಕ ಮೈಸೂರು ಅರಮನೆಯ ರೋಲ್ಸ್ ರಾಯ್ಸ್, ಬೆಂಟ್ಲಿ ಕಾರುಗಳ ಸಂಗ್ರಹವನ್ನು ಕೊಂಡು ಸಾಗಿಸಿದ. 1972ರಲ್ಲಿ ಅವನು ಹಳೆಯ ಕಾರುಗಳ ಹರಾಜನ್ನೇ ಆರಂಭಿಸಿದ. ನಮ್ಮ ಸರ್ಕಾರ ಹಳೆಯ ಕಾರುಗಳ ರಫ್ತಿಗೆ ತಡೆ ಹಾಕಿದ್ದೂ 1972ರಲ್ಲಿಯೇ. ಅರಮನೆಯವರು ತಮ್ಮ ವಸ್ತುವನ್ನು ತಾವು ಮಾರಿದರು, ಅದರಲ್ಲಿ ತಪ್ಪು ಹುಡುಕಲಾರೆ. ಆದರೆ ಆ ಕಾರುಗಳನ್ನು ಕೊಂಡದ್ದು ಈ ನಾಡಿನ ಹುಟ್ಟುವಳಿಯಿಂದ ಎಂಬುದನ್ನು ಮರೆಯಲೂ ಆರೆ. ಓಲೆಗರಿಗಳ ಕಟ್ಟುಗಳು ಹಡಗು ಹತ್ತಿದಾಗ ಆದ ಸಂಕಟವೇ ಇಲ್ಲಿಯೂ ಆಗುತ್ತದೆ ಎಂದರೆ ನೀವು ನಕ್ಕೀರಿ.

ವೈದ್ಯರ ಕಾರು ಮಾತ್ರ ಎಲ್ಲಿಗೂ ಹೋಗಲಿಲ್ಲ. ಹೊನ್ನಾಳಿಯಲ್ಲಿ ಹೊಳೆಯ ತೇವ, ಚನ್ನಗಿರಿಯ ತೋಟದ ಮನೆಯಲ್ಲಿ ಮಳೆಗಾಲದ ಥಂಡಿ. ಎರಡೂ ತಗಡಿಗೆ ಶತ್ರುಗಳೇ. ಮಗಳನ್ನು ಜಗಳೂರಿಗೆ ಕೊಟ್ಟಿದ್ದರಿಂದ, ತಮಗೆ ಓಡಿಸಲಾಗದ ಕಾಲಕ್ಕೆ ವೈದ್ಯರು ಕಾರನ್ನು ಅಲ್ಲಿಯ ಬೀಗರ ಉಗ್ರಾಣಕ್ಕೆ ಕಳುಹಿಸಿದರು. ಮಳೆ ಕಾಣದ ಊರೆಂದು ಜಗಳೂರಿನವರು ನಿಟ್ಟುಸಿರು ಬಿಡುವುದು ಸರಿಯೇ. ಆದರೆ ಆ ಒಣಹವೆಯೇ ಕಬ್ಬಿಣವನ್ನು ಕಾಯಿತು. ರಬ್ಬರೂ ಚರ್ಮವೂ ಬಿರಿದವು, ತಗಡು ಉಳಿಯಿತು. ಅಚ್ಚಿನ ಕೆಳಗೆ ಮರದ ದಿಮ್ಮಿ ಕೊಟ್ಟು ಚಕ್ರಗಳನ್ನು ನೆಲದಿಂದ ಎತ್ತಿದ್ದರು. ತಿಂಗಳಿಗೊಮ್ಮೆ ಕೈಹಿಡಿ ಹಾಕಿ ಎಂಜಿನ್ನನ್ನು ತಿರುಗಿಸುವುದು ಆ ಮನೆಯ ಅಮಾವಾಸ್ಯೆಯ ಪದ್ಧತಿಯಾಗಿತ್ತಂತೆ. ನಾನು ಹೋಗಿ ನೋಡಿದಾಗ ಹಳೆಯ ಸೀರೆಗಳನ್ನು ಹೊಲಿದು ಮಾಡಿದ ಹೊದಿಕೆಯ ಕೆಳಗೆ ಹಸಿರು ಬಣ್ಣದ ಆ ಗಾಡಿ ತಣ್ಣಗೆ ಕುಳಿತಿತ್ತು.

ಒಂದೇ ಒಂದು ತಕರಾರು ಇತ್ತು. ಐವತ್ತರ ದಶಕದಲ್ಲಿ ಎಡಬಾಗಿಲಿನ ಕಂಬದ ಆ್ಯಶ್ ಮರ ಗೆದ್ದಲು ಹಿಡಿದು ಹೋಯಿತು. ಬಿಲಾತಿಯಿಂದ ಮರ ತರಿಸುವುದು ಆ ಕಾಲದಲ್ಲಿ ಆಗದ ಮಾತು. ಅಂದು ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದ ನ್ಯಾಮತಿಯಲ್ಲಿ ಗಾಡಿಚಕ್ರ ಮಾಡುತ್ತಿದ್ದ ಬಡಗಿಯೊಬ್ಬರು ಹೊನ್ನೆ ಮರದಲ್ಲಿ ಅದರ ಪ್ರತಿಯನ್ನು ಕೆತ್ತಿ ಕೂಡಿಸಿದರು. ಆರೂವರೆ ದಶಕ ದಾಟಿದರೂ ಬಾಗಿಲು ಸರಿಯಾಗಿ ಕೂರುತ್ತದೆ. ಕೊಳ್ಳಲು ಬಂದವರ ದಲ್ಲಾಳಿ ಅದನ್ನು ತಟ್ಟಿ ನೋಡಿ, ಮೂಲದ್ದಲ್ಲ ಎಂದು ಬೆಲೆಯಲ್ಲಿ ದೊಡ್ಡ ಮೊತ್ತವನ್ನು ಕಡಿದ. ನನ್ನ ಶಿಷ್ಯ ಆ ಕಂಬವನ್ನು ಕಿತ್ತು, ಇಂಗ್ಲೆಂಡಿನಿಂದ ಹೊಸ ಆ್ಯಶ್ ಮರದ ಭಾಗ ತರಿಸಿ ಹಾಕಿಸೋಣವೇ ಎಂದು ಕೇಳಿದ. ಅವು ಈಗಲೂ ಸಿಗುತ್ತವೆ.

ಗ್ರಂಥಸಂಪಾದನೆಯ ಪಾಠವನ್ನು ವರ್ಷಗಟ್ಟಲೆ ಹೇಳಿದವನಿಗೆ ಇದು ಪರಿಚಿತವಾದ ಪ್ರಶ್ನೆ. ಪ್ರತಿಕಾರನ ತಪ್ಪು ಬೇರೆ, ಪ್ರಕ್ಷೇಪ ಬೇರೆ, ಓಲೆ ಮುರಿದಲ್ಲಿ ಹಿಂದಿನವರು ಬರೆದು ಕೂಡಿಸಿದ ಪಾಠ ಬೇರೆ. ಕೊನೆಯದನ್ನು ಸಂಪಾದಕ ಕಿತ್ತೆಸೆಯುವುದಿಲ್ಲ; ಅದು ಎಂದಿನದು, ಯಾರದು ಎಂದು ಗುರುತು ಹಾಕಿ ಉಳಿಸುತ್ತಾನೆ. ಹೊಸದಾಗಿ ತರಿಸಿದ ಆ್ಯಶ್ ಮರ ಬಿಲಾತಿಯದಾದ ಮಾತ್ರಕ್ಕೆ 1948ರದಾಗುವುದಿಲ್ಲ. ಹೊನ್ನೆಯ ಕಂಬವಾದರೋ ಈ ಕಾರು ಈ ನೆಲದಲ್ಲಿ ಬಾಳಿತೆಂಬುದಕ್ಕೆ ಇರುವ ದಾಖಲೆ. ಹಾಗೆಂದು ಅವನಿಗೆ ಹೇಳಿದೆ. “ದಾಖಲೆಗೆ ಯಾರು ದುಡ್ಡು ಕೊಡ್ತಾರೆ ಸಾರ್?” ಎಂದ. ಅವನ ಮಾತಿನಲ್ಲಿಯೂ ನ್ಯಾಯವಿದೆ. ಅವನ ಪಾಲಿನ ಹಣದಲ್ಲಿ ಮಗಳ ಓದು ನಡೆಯಬೇಕು.

ಕಾನೂನು ಈಗ ಮೊದಲಿನಷ್ಟು ಕಠಿಣವಾಗಿಲ್ಲ. 2021ರ ನಿಯಮದಂತೆ ಐವತ್ತು ವರ್ಷ ದಾಟಿದ ಗಾಡಿಯನ್ನು ಪ್ರಾಚೀನ ವಾಹನವೆಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ ಹತ್ತು ವರ್ಷ. ಮಾರಬಹುದು, ಕೊಳ್ಳಬಹುದು, ಪ್ರದರ್ಶನಕ್ಕೆ, ಮೆರವಣಿಗೆಗೆ ಓಡಿಸಬಹುದು, ದಿನನಿತ್ಯದ ಸಂಚಾರಕ್ಕಾಗಲಿ ಬಾಡಿಗೆಗಾಗಲಿ ಓಡಿಸುವಂತಿಲ್ಲ. ಹೊನ್ನಾಳಿಯ ಸುತ್ತ ರಾತ್ರಿಹೊತ್ತು ಹೆರಿಗೆಗೆಂದು ಓಡಿದ ಗಾಡಿಗೆ ಇನ್ನು ಮೆರವಣಿಗೆಯ ಬಾಳು. ಎಂ.ಜಿ. ಹೆಸರು ಚೀನಾದ ಕಂಪನಿಯೊಂದರ ಕೈಸೇರಿ, 2019ರಲ್ಲಿ ನಮ್ಮ ದೇಶಕ್ಕೆ ಮತ್ತೆ ಬಂದಿದೆ. 2025ರಲ್ಲಿ ಅದೇ ಹೆಸರಿನ, ವಿದ್ಯುತ್ತಿನಿಂದ ಓಡುವ ರೋಡ್‌ಸ್ಟರೊಂದು ಇಲ್ಲಿಯ ಮಾರುಕಟ್ಟೆಗೂ ಇಳಿಯಿತು. ಅದೇ ವರ್ಷದ ಜುಲೈನಲ್ಲಿ ಬ್ರಿಟನ್ನಿನೊಡನೆ ಸಹಿಯಾದ ಒಪ್ಪಂದವು, ನೂರಕ್ಕೆ ನೂರನ್ನೂ ಮೀರಿದ್ದ ಕಾರಿನ ಆಮದು ಸುಂಕವನ್ನು ಗೊತ್ತಾದ ಸಂಖ್ಯೆಯ ಮಿತಿಯಲ್ಲಿ ಶೇಕಡ 10ಕ್ಕೆ ಇಳಿಸುವುದಾಗಿ ಹೇಳುತ್ತದೆ.

ನಾನು ಬರೆದುಕೊಟ್ಟ ಚರಿತ್ರೆ ಎರಡು ಪುಟದ್ದು. ಹಡಗಿನ ರಸೀದಿ, ಮುಂಬಯಿಯ ಸುಂಕದ ಚೀಟಿ, ಚಾಸಿ ಮತ್ತು ಎಂಜಿನ್ನಿನ ಸಂಖ್ಯೆ, ಜಗಳೂರಿನ ಉಗ್ರಾಣದ ವರ್ಷಗಳು ಎಲ್ಲವೂ ಅದರಲ್ಲಿವೆ. ಬಾಗಿಲಿನ ಕಂಬದ ವಿಷಯವನ್ನು ಅಡಿಟಿಪ್ಪಣಿಯಲ್ಲಿ ಹಾಕದೆ ಮೊದಲ ಪುಟದಲ್ಲಿಯೇ ಬರೆದಿದ್ದೇನೆ: ಹೊನ್ನೆ ಮರ, ನ್ಯಾಮತಿಯ ಕೆಲಸ. ಹಲಗೆಯ ಮೇಲೆ ಇನ್ನೂ ಮೈಸೂರು ರಾಜ್ಯದ ಎಂ.ವೈ. ಅಕ್ಷರಗಳಿವೆ. ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಉಳಿಸಿಕೊಳ್ಳಬೇಕೆಂಬುದನ್ನು ಮಾರಾಟದ ಕರಾರಿಗೆ ಸೇರಿಸಲು ಶಿಷ್ಯ ಒಪ್ಪಿದ್ದಾನೆ. ಕಂಬದ ವಿಷಯದಲ್ಲಿ ಇನ್ನೂ ಮಾತು ನಡೆದಿದೆ.