ಶಾಲಾಪೂರ್ವ ಮಕ್ಕಳಲ್ಲಿ ಗಮನದ ಕೊರತೆ: ಗುರುತಿಸುವುದು ಹೇಗೆ?

ಮಗು ಒಂದೆಡೆ ಕೂರುವುದಿಲ್ಲ, ಹೇಳಿದ ಮಾತು ಕೇಳುವುದಿಲ್ಲ, ಹಿಡಿದ ಆಟಿಕೆಯನ್ನು ಮರುಕ್ಷಣವೇ ಬಿಸಾಡಿ ಇನ್ನೊಂದರತ್ತ ಓಡುತ್ತದೆ ಎಂಬ ದೂರು ಕೇಳಿಬರದ ಮನೆ ಅಪರೂಪ. ಮೂರು-ನಾಲ್ಕರ ಪ್ರಾಯದಲ್ಲಿ ಇದು ಬಹುಮಟ್ಟಿಗೆ ಸಹಜವೂ ಹೌದು. ಆದರೆ ಕೆಲವು ಮಕ್ಕಳಲ್ಲಿ ಈ ಚಂಚಲತೆ ವಯಸ್ಸಿಗೆ ಮೀರಿದ ಪ್ರಮಾಣದಲ್ಲಿದ್ದು, ಕಲಿಕೆ, ಒಡನಾಟ ಹಾಗೂ ಸುರಕ್ಷತೆಗೆ ಧಕ್ಕೆ ತರುತ್ತದೆ. ಅಂಥವರನ್ನು ಸಕಾಲದಲ್ಲಿ ಗುರುತಿಸದಿದ್ದರೆ ‘ತುಂಟ’, ‘ಹಠಮಾರಿ’, ‘ದಡ್ಡ’ ಎಂಬ ಹಣೆಪಟ್ಟಿಗಳು ಒಂದನೇ ತರಗತಿಗೆ ಕಾಲಿಡುವ ಮುನ್ನವೇ ಅಂಟಿಕೊಳ್ಳುತ್ತವೆ. ಹಾಗೆಂದು ಚುರುಕಾಗಿ ಓಡಾಡುವ ಮಗುವನ್ನೆಲ್ಲ ರೋಗಿಯೆಂದು ಬಗೆಯುವುದೂ ತರವಲ್ಲ. ಇವೆರಡರ ನಡುವಿನ ವ್ಯತ್ಯಾಸವನ್ನು ಅರಿಯಲು ಪಾಲಕರಿಗೆ ಹಾಗೂ ಅಂಗನವಾಡಿ, ಶಿಶುವಿಹಾರಗಳ ಶಿಕ್ಷಕಿಯರಿಗೆ ನೆರವಾಗಬಲ್ಲ ಮಾಹಿತಿ ಇಲ್ಲಿದೆ.

ಏನಿದು ತೊಂದರೆ?

ವೈದ್ಯರು ಇದನ್ನು ಗಮನ ಕೊರತೆ ಹಾಗೂ ಅತಿಚಟುವಟಿಕೆಯ ತೊಂದರೆ, ಸಂಕ್ಷಿಪ್ತವಾಗಿ ಎಡಿಎಚ್‌ಡಿ ಎಂದು ಕರೆಯುತ್ತಾರೆ. ಇದು ಹೊಸದಾಗಿ ಹುಟ್ಟಿಕೊಂಡ ಕಾಯಿಲೆಯಲ್ಲ. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಅವರು 1902ರಲ್ಲಿ ನೀಡಿದ ಉಪನ್ಯಾಸಗಳಲ್ಲಿಯೇ, ಬುದ್ಧಿಶಕ್ತಿಯಲ್ಲಿ ಕೊರತೆ ಇಲ್ಲದಿದ್ದರೂ ತಮ್ಮನ್ನು ತಾವು ಹತೋಟಿಯಲ್ಲಿ ಇಟ್ಟುಕೊಳ್ಳಲಾಗದ ಮಕ್ಕಳ ಬಗ್ಗೆ ವಿವರಿಸಿದ್ದರು.

ಈ ತೊಂದರೆಗೆ ಮೂರು ಮುಖಗಳಿವೆ: ಗಮನ ನಿಲ್ಲದಿರುವುದು, ಅತಿಯಾದ ಚಟುವಟಿಕೆ ಮತ್ತು ದುಡುಕುತನ. ಕೆಲವರಲ್ಲಿ ಇವು ಮೂರೂ ಇರುತ್ತವೆ, ಕೆಲವರಲ್ಲಿ ಒಂದೆರಡು ಮಾತ್ರ. ಕಾರಣಗಳಲ್ಲಿ ಅನುವಂಶೀಯತೆಯ ಪಾಲು ದೊಡ್ಡದು. ಅವಧಿಪೂರ್ವ ಜನನ, ಹುಟ್ಟುವಾಗ ತೀರಾ ಕಡಿಮೆ ತೂಕ, ಸೀಸದ ಅಂಶ ದೇಹ ಸೇರುವುದು ಇವೂ ಅಪಾಯವನ್ನು ಹೆಚ್ಚಿಸುತ್ತವೆ. ತಾಯಿಯ ಮುದ್ದು, ಅಜ್ಜಿಯ ಸಲಿಗೆ ಅಥವಾ ಸಿಹಿತಿಂಡಿ ಇದಕ್ಕೆ ಕಾರಣವಲ್ಲ.

ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ಕೈಪಿಡಿಯ ಐದನೇ ಆವೃತ್ತಿಯ ಪ್ರಕಾರ, ಲಕ್ಷಣಗಳು ಕನಿಷ್ಠ 6 ತಿಂಗಳ ಕಾಲ ಇರಬೇಕು, 12 ವರ್ಷದೊಳಗೆ ಆರಂಭವಾಗಿರಬೇಕು, ಮಗುವಿನ ಬೆಳವಣಿಗೆಯ ಮಟ್ಟಕ್ಕೆ ಹೊಂದದಂತಿರಬೇಕು ಹಾಗೂ ಮನೆ, ಶಾಲೆ ಮೊದಲಾದ ಎರಡು ಅಥವಾ ಹೆಚ್ಚು ಕಡೆಗಳಲ್ಲಿ ಕಾಣಿಸಿಕೊಳ್ಳಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2019ರ ಮಾರ್ಗಸೂಚಿಯು 4 ವರ್ಷ ತುಂಬಿದ ಮಕ್ಕಳಿಗೆ ಮಾತ್ರ ಅನ್ವಯಿಸುತ್ತದೆ. ಅದಕ್ಕಿಂತ ಚಿಕ್ಕ ಮಕ್ಕಳಲ್ಲಿ ಸಹಜ ಚಂಚಲತೆ ಯಾವುದು, ತೊಂದರೆ ಯಾವುದು ಎಂದು ಬೇರ್ಪಡಿಸುವುದು ಕಠಿಣ.

ಗಮನಿಸಬೇಕಾದ ಲಕ್ಷಣಗಳು

ಮಗುವನ್ನು ಅದೇ ವಯಸ್ಸಿನ ಇತರ ಮಕ್ಕಳೊಡನೆ ಹೋಲಿಸಿ ನೋಡಬೇಕೇ ಹೊರತು ಮನೆಯ ಹಿರಿಯ ಮಗುವಿನೊಡನೆ ಅಲ್ಲ. ನಾಲ್ಕರಿಂದ ಆರು ವರ್ಷದೊಳಗಿನ ಮಗುವಿನಲ್ಲಿ ಕೆಳಗಿನ ವರ್ತನೆಗಳು ಮತ್ತೆ ಮತ್ತೆ ಕಂಡುಬಂದರೆ ಎಚ್ಚರ ವಹಿಸುವುದು ಒಳಿತು.

1. ತನಗೆ ಇಷ್ಟವಾದ ಆಟದಲ್ಲಿಯೂ ಕೆಲವು ನಿಮಿಷ ನಿಲ್ಲದೆ ಒಂದರಿಂದ ಇನ್ನೊಂದಕ್ಕೆ ಹಾರುತ್ತಿರುವುದು.
2. ‘ಚಪ್ಪಲಿ ಬಿಟ್ಟು, ಕೈ ತೊಳೆದು ಬಾ’ ಎಂಬಂತಹ ಸರಳ ಸೂಚನೆಯನ್ನೂ ನಡುವೆಯೇ ಮರೆತುಬಿಡುವುದು.
3. ಇತರ ಮಕ್ಕಳು ಕಥೆ ಕೇಳುತ್ತಾ ಕುಳಿತಿರುವಾಗ ಪದೇ ಪದೇ ಎದ್ದು ಓಡುವುದು, ಊಟಕ್ಕೂ ಕೂರದಿರುವುದು.
4. ಆಟದಲ್ಲಿ ತನ್ನ ಸರದಿಗಾಗಿ ಕಾಯಲಾಗದೆ ಇತರರನ್ನು ತಳ್ಳುವುದು, ಕಸಿದುಕೊಳ್ಳುವುದು.
5. ಒಮ್ಮೆ ಪೆಟ್ಟಾದರೂ ಎಚ್ಚರಗೊಳ್ಳದೆ ರಸ್ತೆಗೆ ನುಗ್ಗುವುದು, ಎತ್ತರದಿಂದ ಜಿಗಿಯುವುದು, ಒಲೆಯತ್ತ ಧಾವಿಸುವುದು.

ಪಟ್ಟಿಯಲ್ಲಿರುವ ಒಂದೆರಡು ವರ್ತನೆ ಕಂಡಮಾತ್ರಕ್ಕೆ ತೀರ್ಮಾನಕ್ಕೆ ಬರಬಾರದು. ಎಷ್ಟು ಕಾಲದಿಂದ, ಎಷ್ಟು ಕಡೆಗಳಲ್ಲಿ, ಎಷ್ಟು ನಷ್ಟ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮನೆಯಲ್ಲಿ ಮಾತ್ರ ರಂಪ ಮಾಡಿ ಅಂಗನವಾಡಿಯಲ್ಲಿ ಶಾಂತವಾಗಿರುವ ಮಗುವಿನ ಸಮಸ್ಯೆ ಬೇರೆಯೇ ಇರಬಹುದು. ತಮ್ಮನೋ ತಂಗಿಯೋ ಹುಟ್ಟಿದ ಬಳಿಕ, ಊರು ಬದಲಾದ ಬಳಿಕ ಹಠಾತ್ತಾಗಿ ಆರಂಭವಾದ ಚಡಪಡಿಕೆ ಹೊಂದಾಣಿಕೆಯ ಕಷ್ಟವಾಗಿರಬಹುದು. ಎಲ್ಲ ಕಡೆಯೂ, ಬಹುಕಾಲದಿಂದಲೂ ಇದ್ದು, ಮಗುವಿನ ಗೆಳೆತನ, ಕಲಿಕೆ ಅಥವಾ ಸುರಕ್ಷತೆಗೆ ಅಡ್ಡಿಯಾಗಿದ್ದರೆ ಮಾತ್ರ ಸಂಶಯಕ್ಕೆ ಬಲ ಬರುತ್ತದೆ.

ತಪ್ಪು ತಿಳಿವಳಿಕೆಗಳು

‘ಟಿ.ವಿ. ಮುಂದೆ ಗಂಟೆಗಟ್ಟಲೆ ಕೂರುತ್ತಾನೆ, ಅವನಿಗೆಂಥ ಗಮನದ ಕೊರತೆ?’ ಎಂಬ ಮಾತು ಸಾಮಾನ್ಯ. ಕ್ಷಣಕ್ಷಣಕ್ಕೂ ಬದಲಾಗುವ ಚಿತ್ರ, ಸದ್ದುಗಳು ಗಮನವನ್ನು ತಾವಾಗಿಯೇ ಸೆಳೆದು ಹಿಡಿಯುತ್ತವೆ. ಅಲ್ಲಿ ಮಗು ಪ್ರಯತ್ನಪಡಬೇಕಾಗಿಲ್ಲ. ಪ್ರಯತ್ನದಿಂದ ಗಮನ ನಿಲ್ಲಿಸಬೇಕಾದ ಕೆಲಸದಲ್ಲಿಯೇ ತೊಂದರೆ ಪ್ರಕಟವಾಗುವುದು.

ಗದ್ದಲ ಮಾಡುವ ಗಂಡುಮಕ್ಕಳು ಬೇಗ ಕಣ್ಣಿಗೆ ಬೀಳುತ್ತಾರೆ. ಆದರೆ ಮೂಲೆಯಲ್ಲಿ ಕುಳಿತು ಕಿಟಕಿಯಾಚೆ ನೋಡುತ್ತಾ, ಯಾರಿಗೂ ಉಪದ್ರವ ಕೊಡದೆ, ಹೇಳಿದ್ದಾವುದನ್ನೂ ಗ್ರಹಿಸದ ಹೆಣ್ಣುಮಗುವಿನ ತೊಂದರೆ ವರ್ಷಗಟ್ಟಲೆ ಗಮನಕ್ಕೆ ಬಾರದೆ ಉಳಿಯುತ್ತದೆ. ತರಗತಿಯಲ್ಲಿ ಎಲ್ಲರಿಗಿಂತ ಕಿರಿಯ ಮಗುವಿನ ವಿಷಯದಲ್ಲಿ ಇದಕ್ಕೆ ವಿರುದ್ಧವಾದ ತಪ್ಪು ನಡೆಯುತ್ತದೆ. ಕೇವಲ ವಯಸ್ಸಿನ ಅಂತರವನ್ನೇ ತೊಂದರೆಯೆಂದು ಭಾವಿಸಲಾಗುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ನಾಲ್ಕರ ಹರೆಯದಲ್ಲಿ ಹತ್ತು ತಿಂಗಳ ಅಂತರ ಸಣ್ಣದೇನಲ್ಲ.

ಮೊದಲು ಪರೀಕ್ಷಿಸಬೇಕಾದ ಇತರ ಕಾರಣಗಳು

ಗಮನವಿಲ್ಲದಂತೆ ತೋರುವ ಮಗುವಿಗೆ ನಿಜವಾಗಿ ಕಿವಿ ಕೇಳಿಸದಿರಬಹುದು. ಪದೇ ಪದೇ ಶೀತವಾಗಿ ಕಿವಿಯ ಒಳಭಾಗದಲ್ಲಿ ದ್ರವ ತುಂಬಿಕೊಂಡಾಗ ಶ್ರವಣಶಕ್ತಿ ಕುಂದುತ್ತದೆ. ದೃಷ್ಟಿದೋಷವೂ ಇದೇ ಬಗೆಯಲ್ಲಿ ಮೋಸಗೊಳಿಸಬಲ್ಲದು. ಗೊರಕೆ ಹೊಡೆಯುತ್ತಾ, ಬಾಯಿಂದ ಉಸಿರಾಡುತ್ತಾ ಮಲಗುವ ಮಗುವಿಗೆ ನಿದ್ರೆ ಸಾಲದೆ ಹಗಲಿಡೀ ಚಡಪಡಿಕೆ ಇರುತ್ತದೆ. ದೊಡ್ಡವರಂತೆ ಮಕ್ಕಳು ತೂಕಡಿಸುವುದಿಲ್ಲ, ಬದಲಿಗೆ ಇನ್ನಷ್ಟು ಕುಣಿದಾಡುತ್ತಾರೆ.

ರಕ್ತಹೀನತೆಯನ್ನು ನಮ್ಮಲ್ಲಿ ಮರೆಯುವಂತೆಯೇ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 67ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಕಬ್ಬಿಣಾಂಶದ ಕೊರತೆಯು ಮಗುವಿನ ಗಮನ ಹಾಗೂ ಕಲಿಕೆಯನ್ನು ಕುಗ್ಗಿಸುತ್ತದೆ. ಇನ್ನು ಕೆಲವು ಮಕ್ಕಳು ಆಟವಾಡುತ್ತಿರುವಾಗಲೇ ಕೆಲವು ಸೆಕೆಂಡು ಶೂನ್ಯದೃಷ್ಟಿಯಿಂದ ನಿಂತುಬಿಡುತ್ತಾರೆ, ಮುಟ್ಟಿ ಕರೆದರೂ ಎಚ್ಚರಗೊಳ್ಳುವುದಿಲ್ಲ. ಇದು ಅಪಸ್ಮಾರದ ಒಂದು ಬಗೆಯಾಗಿರುವ ಸಾಧ್ಯತೆಯಿದ್ದು, ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮಾತು ತಡವಾಗಿದ್ದರೆ, ಹೆಸರು ಹಿಡಿದು ಕರೆದರೂ ತಿರುಗಿ ನೋಡದಿದ್ದರೆ ಭಾಷಾ ಬೆಳವಣಿಗೆಯ ವಿಳಂಬ ಅಥವಾ ಆಟಿಸಂ ಇದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ.

ಭಾಷೆಯ ಪ್ರಶ್ನೆಯೂ ಇದೆ. ಮನೆಯಲ್ಲಿ ತುಳು, ಉರ್ದು, ಕೊಂಕಣಿ, ಲಂಬಾಣಿ ಅಥವಾ ಕನ್ನಡ ಮಾತನಾಡುವ ಮಗುವನ್ನು ಏಕಾಏಕಿ ಇಂಗ್ಲಿಷ್ ಮಾಧ್ಯಮದ ಎಲ್‌ಕೆಜಿಗೆ ಸೇರಿಸಿದಾಗ, ಅರ್ಥವಾಗದ ಮಾತಿಗೆ ಅದು ಕಿವಿಗೊಡದಿರುವುದು ಸಹಜ.

ಪಾಲಕರು ಮಾಡಬೇಕಾದುದು

ವೈದ್ಯರ ಬಳಿ ಹೋಗುವ ಮುನ್ನ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ದಿನವೂ ಕೆಲವು ಸಾಲು ಬರೆದಿಡಿ. ಮಗು ಎಷ್ಟು ಹೊತ್ತು ಮಲಗಿತು, ಯಾವ ಕೆಲಸದಲ್ಲಿ ಎಷ್ಟು ನಿಮಿಷ ನಿಂತಿತು, ಯಾವ ವೇಳೆಯಲ್ಲಿ ಚಡಪಡಿಕೆ ಹೆಚ್ಚಿತ್ತು ಎಂಬ ವಿವರಗಳು ಅದರಲ್ಲಿರಲಿ. ಶಿಕ್ಷಕಿಯಿಂದಲೂ ಪ್ರತ್ಯೇಕವಾಗಿ ಬರೆಸಿಕೊಳ್ಳಿ. ಎಡಿಎಚ್‌ಡಿಯನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲೀ ಸ್ಕ್ಯಾನಿಂಗ್ ಆಗಲೀ ಇಲ್ಲ. ಆದ್ದರಿಂದ ಇಂಥ ವಿವರಗಳೇ ವೈದ್ಯರಿಗೆ ಆಧಾರ.

ಮೊದಲು ಮಕ್ಕಳ ತಜ್ಞರನ್ನು ಕಾಣಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮಕ್ಕಳ ತಪಾಸಣೆಗೆ ವರ್ಷಕ್ಕೆ ಎರಡು ಬಾರಿ ವೈದ್ಯಕೀಯ ತಂಡ ಬರಬೇಕೆಂಬ ನಿಯಮವಿದ್ದು, ತಂಡ ಪರಿಶೀಲಿಸಬೇಕಾದ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಸೇರಿದೆ. ಹೆಚ್ಚಿನ ಪರೀಕ್ಷೆ ಅಗತ್ಯವಿದ್ದಲ್ಲಿ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸುವ ವ್ಯವಸ್ಥೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಹಾಗೂ ಹದಿಹರೆಯದವರ ಮನೋವೈದ್ಯಕೀಯ ವಿಭಾಗವಿದೆ. ಶ್ರವಣ ಹಾಗೂ ಮಾತಿನ ಪರೀಕ್ಷೆಗೆ ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಎಲ್ಲಿಗೆ ಹೋಗಬೇಕೆಂದು ತೋಚದವರು 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಔಷಧಿ ಮೊದಲ ಹೆಜ್ಜೆಯಲ್ಲ

‘ಡಾಕ್ಟರ ಬಳಿ ಹೋದರೆ ಮಾತ್ರೆ ಕೊಡುತ್ತಾರೆ’ ಎಂಬ ಅಂಜಿಕೆಯಿಂದ ಹಿಂಜರಿಯುವವರಿದ್ದಾರೆ. ಮೇಲೆ ಹೇಳಿದ 2019ರ ಮಾರ್ಗಸೂಚಿಯ ಪ್ರಕಾರ, 6 ವರ್ಷ ತುಂಬದ ಮಕ್ಕಳಿಗೆ ಮೊದಲು ನೀಡಬೇಕಾದದ್ದು ಔಷಧಿಯಲ್ಲ, ಮಗುವಿನ ವರ್ತನೆಯನ್ನು ನಿಭಾಯಿಸುವ ಬಗ್ಗೆ ಪಾಲಕರಿಗೆ ತರಬೇತಿ. ಅದರಿಂದ ಸಾಕಷ್ಟು ಪ್ರಯೋಜನವಾಗದೆ ತೊಂದರೆ ತೀವ್ರವಾಗಿಯೇ ಉಳಿದಾಗ ಮಾತ್ರ ತಜ್ಞರು ಔಷಧಿಯ ಬಗ್ಗೆ ಯೋಚಿಸುತ್ತಾರೆ.

ಈ ತರಬೇತಿಯ ತಿರುಳು ಸರಳ. ಹತ್ತಿರ ಹೋಗಿ, ಕಣ್ಣಿಗೆ ಕಣ್ಣು ಕೂಡಿಸಿ, ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು. ಮಗು ಸರಿಯಾಗಿ ನಡೆದುಕೊಂಡ ಕ್ಷಣದಲ್ಲಿಯೇ, ಯಾವುದಕ್ಕಾಗಿ ಎಂಬುದನ್ನು ತಿಳಿಸಿ ಮೆಚ್ಚಬೇಕು. ಏಳುವ, ಉಣ್ಣುವ, ಮಲಗುವ ವೇಳೆ ದಿನವೂ ಒಂದೇ ಆಗಿರಬೇಕು. ಹೊಡೆತ, ಬೈಗುಳಗಳಿಂದ ಗಮನ ಹೆಚ್ಚುವುದಿಲ್ಲ, ಭಯ ಹೆಚ್ಚುತ್ತದೆ. ಅವರೆಕಾಳು ಸುಲಿಯುವುದು, ರೊಟ್ಟಿಹಿಟ್ಟು ನಾದುವುದು, ಸರದಿ ಕಾಯಬೇಕಾದ ಹಾವು-ಏಣಿಯಾಟ ಇವು ಮನೆಯಲ್ಲಿಯೇ ಸಿಗುವ ಒಳ್ಳೆಯ ಅಭ್ಯಾಸಗಳು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ 3-4 ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ರೆ, ಕನಿಷ್ಠ 3 ಗಂಟೆ ಓಡಾಟ ಇರಬೇಕೆಂದೂ, ಟಿ.ವಿ., ಮೊಬೈಲ್ ವೀಕ್ಷಣೆ 1 ಗಂಟೆ ಮೀರಬಾರದೆಂದೂ ಸೂಚಿಸಿದೆ. ಸಂಶಯವಿರುವ ಮಗುವಿಗೂ, ಇಲ್ಲದ ಮಗುವಿಗೂ ಇದು ಹಿತವೇ.

ಶಾಲಾಪೂರ್ವ ವಯಸ್ಸಿನಲ್ಲಿ ಚಂಚಲವಾಗಿದ್ದ ಮಕ್ಕಳಲ್ಲಿ ಅನೇಕರು ಬೆಳೆಯುತ್ತಾ ಸುಧಾರಿಸುತ್ತಾರೆ. ಕೆಲವರಿಗೆ ಮುಂದೆಯೂ ನೆರವು ಬೇಕಾಗುತ್ತದೆ. ನಿಮ್ಮ ಮಗು ಯಾವ ಗುಂಪಿಗೆ ಸೇರಿದ್ದೆಂದು ಇಂದೇ ತೀರ್ಮಾನವಾಗಬೇಕಿಲ್ಲ. ಕಿವಿ, ಕಣ್ಣು, ರಕ್ತದ ಪರೀಕ್ಷೆ ಮಾಡಿಸುವುದಕ್ಕೂ, ಮನೆಯಲ್ಲಿ ಬೈಗುಳ ಕಡಿಮೆ ಮಾಡುವುದಕ್ಕೂ ಆ ತೀರ್ಮಾನಕ್ಕಾಗಿ ಕಾಯಬೇಕಾಗಿಯೂ ಇಲ್ಲ.