ಹಲ್ಲು ತೇಯ್ದರೆ ದವಡೆ ನೋವು ಹೋಗುತ್ತಾ?

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಬೆರಳ ಕೆಳಗೆ ಆಡೋದೇ ದವಡೆಯ ಕೀಲು. ಅಲ್ಲಿ 'ಟಕ್' ಅನ್ನೋ ಸದ್ದು, ನೋವು ಶುರುವಾದ್ರೆ ತುಂಬಾ ಜನರಿಗೆ ಮೊದಲು ಹೊಳೆಯೋದು ಒಂದೇ: ಮೇಲಿನ ಹಲ್ಲು, ಕೆಳಗಿನ ಹಲ್ಲು ಸರಿಯಾಗಿ ಕೂಡ್ತಿಲ್ಲ. ಈ ಅನುಮಾನಕ್ಕೂ ಒಂದು ಇತಿಹಾಸ ಇದೆ.

1934, ಅಮೆರಿಕದ ಸೇಂಟ್ ಲೂಯಿಸ್. ಜೇಮ್ಸ್ ಕಾಸ್ಟೆನ್ ಅನ್ನೋ ಕಿವಿ-ಮೂಗು-ಗಂಟಲು ವೈದ್ಯರು 11 ರೋಗಿಗಳ ವಿವರ ಪ್ರಕಟಿಸಿದರು. ಹಿಂದಿನ ಹಲ್ಲುಗಳು ಹೋದಾಗ ದವಡೆ ಅತಿಯಾಗಿ ಮುಚ್ಚಿಕೊಂಡು, ಮೂಳೆಯ ತುದಿ ಹಿಂದೆ ಸರಿದು ಕಿವಿಯ ಬಳಿಯ ನರವನ್ನು ಒತ್ತುತ್ತದೆ ಅನ್ನೋದು ಅವರ ವಾದ. 'ಕಾಸ್ಟೆನ್ ಸಿಂಡ್ರೋಮ್' ಅಂತ ಹೆಸರೂ ಬಂತು. ಮುಂದೆ ಹಲ್ಲು ತೇಯ್ದು ಕಚ್ಚುವಿಕೆ ಸರಿಮಾಡೋದು ದಂತವೈದ್ಯರ ಒಂದು ದೊಡ್ಡ ಚಿಕಿತ್ಸೆಯೇ ಆಯ್ತು.

1948ರಲ್ಲಿ ಅಂಗರಚನಾ ತಜ್ಞ ಹ್ಯಾರಿ ಸಿಷರ್, ಆ ನರ ಇರುವ ಜಾಗದಲ್ಲಿ ಹಾಗೆ ಒತ್ತಡ ಬೀಳೋಕೆ ಸಾಧ್ಯವಿಲ್ಲ ಅಂದರು. 1969ರಲ್ಲಿ ಡೇನಿಯಲ್ ಲಾಸ್ಕಿನ್ ಸ್ನಾಯುಗಳ ಕಡೆ ಬೊಟ್ಟು ಮಾಡಿದರು: ಒತ್ತಡದಲ್ಲಿ ಹಲ್ಲು ಕಚ್ಚಿ ಹಿಡಿಯೋದು, ಕಡಿಯೋದು, ಅದರಿಂದ ಸ್ನಾಯು ದಣಿಯೋದು.

1976ರಲ್ಲಿ ಲಾಸ್ಕಿನ್ ತಂಡ ಒಂದು ಪರೀಕ್ಷೆ ಪ್ರಕಟಿಸಿತು. 25 ರೋಗಿಗಳಿಗೆ ಹಲ್ಲು ತೇಯ್ದಂತೆ ನಟಿಸಿದರು, ಅಷ್ಟೇ. ಕಚ್ಚುವಿಕೆ ಇದ್ದ ಹಾಗೇ ಇತ್ತು. ಆದರೂ 16 ಜನರಿಗೆ ನೋವು ಪೂರ್ತಿ ಅಥವಾ ಬಹುಪಾಲು ಹೋಯ್ತು! ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ರೀಸ್ಟಾರ್ಟ್ ಮಾಡಿದ ಮೇಲೆ ಸರ್ವರ್ ಎದ್ದಿತು ಅಂದ ಮಾತ್ರಕ್ಕೆ ರೂಟ್ ಕಾಸ್ ಸಿಕ್ಕಿದೆ ಅಂತಲ್ಲ.

ಹಾಗಂತ ಕಚ್ಚುವಿಕೆಯ ಪಾತ್ರ ಸೊನ್ನೆನಾ? ಅಲ್ಲ. 1993ರಲ್ಲಿ ಪುಲಿಂಗರ್, ಸೆಲಿಗ್ಮನ್ ಮತ್ತು ಜೊತೆಗಾರರು ಹಲವು ಅಂಶಗಳನ್ನು ಒಟ್ಟಿಗೆ ಲೆಕ್ಕ ಹಾಕಿದರು. ಹಿಂದಿನ ಐದಾರು ಹಲ್ಲು ಇಲ್ಲದಿರೋದು, ಮೇಲಿನ ಮುಂಹಲ್ಲು ತುಂಬಾ ಮುಂದಿರೋದು, ಒಂದು ಬದಿಯಲ್ಲಿ ಹಲ್ಲು ಅಡ್ಡ ಕೂಡೋದು, ಇಂಥ ಕೆಲವಕ್ಕೆ ಸಂಬಂಧ ಕಂಡಿತು. ಆದರೆ ಒಟ್ಟಾರೆ ಪಾಲು ಸಣ್ಣದು. ಇನ್ನೊಂದು ವಿಷಯ: ಕೀಲು ಸವೆದ ಮೇಲೆ ಮುಂಹಲ್ಲುಗಳ ನಡುವೆ ಸಂದು ಬೀಳೋದೂ ಉಂಟು. ಅಲ್ಲಿ ನಾವು ಕಾರಣ ಅಂದುಕೊಂಡಿದ್ದೇ ಪರಿಣಾಮ.

1996ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆಯೂ, ಹಿಂದಕ್ಕೆ ತರೋಕಾಗದ ಚಿಕಿತ್ಸೆಗೆ ಆತುರ ಬೇಡ ಅನ್ನೋ ಕಡೆಗೇ ವಾಲಿತು.

ಹಾಗಾಗಿ, ದವಡೆ ನೋವಿಗೆ ಹಲ್ಲು ತೇಯಬೇಕು ಅಂತ ಯಾರಾದ್ರೂ ಹೇಳಿದ್ರೆ, ಮೊದಲು ಕೇಳಿ: ಮೆತ್ತನೆ ಊಟ, ದವಡೆಗೆ ವಿಶ್ರಾಂತಿ, ವ್ಯಾಯಾಮ, ತೆಗೆದಿಡಬಹುದಾದ ಸ್ಪ್ಲಿಂಟ್, ಇವನ್ನೆಲ್ಲ ನೋಡಿ ಆಯ್ತಾ? ತೇಯ್ದ ಎನಾಮಲ್ ಮತ್ತೆ ಬೆಳೆಯಲ್ಲ.