ಘಝ್ನಿಯಿಂದ ಮಕ್ಕಾಗೆ: ಅಲ್ ಬಿರೂನಿ ಬಿಡಿಸಿದ ದೂರದ ಒಗಟು

ನಮಾಝಿಗೆ ನಿಲ್ಲುವ ಮುನ್ನ ನಾವಿಂದು ಮೊಬೈಲಿನ ಬಾಣದ ಗುರುತು ನೋಡಿ ಕಿಬ್ಲಾದತ್ತ ತಿರುಗುತ್ತೇವೆ. ಸಾವಿರ ವರ್ಷಗಳ ಹಿಂದೆ ಇದು ರೇಖಾಗಣಿತದ ಕ್ಲಿಷ್ಟ ಒಗಟಾಗಿತ್ತು. ಮಕ್ಕಾ ಕಣ್ಣಿಗೆ ಕಾಣದು, ಭೂಮಿಯೋ ಗೋಳಾಕಾರ. ಎರಡೂ ಊರುಗಳ ಅಕ್ಷಾಂಶ ಮತ್ತು ಅವುಗಳ ರೇಖಾಂಶಗಳ ಅಂತರ ತಿಳಿಯದೆ ದಿಕ್ಕನ್ನು ಲೆಕ್ಕಹಾಕಲಾಗದು.

ಅಕ್ಷಾಂಶವನ್ನು ನಡುಹಗಲಿನ ಸೂರ್ಯನ ಎತ್ತರದಿಂದ ಕಂಡುಕೊಳ್ಳಬಹುದು. ರೇಖಾಂಶ ಅಷ್ಟು ಸುಲಭವಲ್ಲ. ಕ್ರಿ.ಶ. 997ರಲ್ಲಿ ಖ್ವಾರಿಝ್ಮ್‌ನ ಕಾಥ್ ಪಟ್ಟಣದಲ್ಲಿ ಯುವಕ ಅಲ್ ಬಿರೂನಿಯೂ ಬಗ್ದಾದಿನಲ್ಲಿ ಅಬುಲ್ ವಫಾರೂ ಮೊದಲೇ ಮಾತನಾಡಿಕೊಂಡು ಒಂದೇ ಚಂದ್ರಗ್ರಹಣವನ್ನು ವೀಕ್ಷಿಸಿದರು. ಎರಡೂ ಕಡೆಯ ಸ್ಥಳೀಯ ವೇಳೆಯ ವ್ಯತ್ಯಾಸವೇ ರೇಖಾಂಶದ ಅಂತರ. ಆದರೆ ಇದಕ್ಕೆ ಗ್ರಹಣವೂ ಬೇಕು, ದೂರದಲ್ಲೊಬ್ಬ ಬಲ್ಲವನೂ ಬೇಕು.

ಮುಂದೆ ಸುಲ್ತಾನ್ ಮಹ್ಮೂದನ ಘಝ್ನಿ ಸೇರಿದ ಬಿರೂನಿ, ವರ್ತಕರ ಬಾಯಲ್ಲಿದ್ದ ಫರ್ಸಖ್‌ಗಳ ಲೆಕ್ಕವನ್ನು ನೆಚ್ಚಿಕೊಂಡರು. ದಾರಿಯ ಬಳಸುಗಳಿಗೆಂದು ಒಂದಿಷ್ಟು ಕಳೆದು ನೇರ ದೂರವನ್ನು ಅಂದಾಜಿಸಿದರು. ಉಳಿದದ್ದು ಅಪ್ಪಟ ರೇಖಾಗಣಿತ. ಎರಡು ಊರುಗಳೆಂದರೆ ಎರಡು ಬಿಂದುಗಳು. ಪ್ರತಿ ಊರಿನ ರೇಖಾಂಶವು ಮತ್ತೊಂದರ ಅಕ್ಷಾಂಶವನ್ನು ಸಂಧಿಸುವೆಡೆ ಇನ್ನೆರಡು ಬಿಂದುಗಳು. ಈ ನಾಲ್ಕನ್ನೂ ಭೂಮಿಯ ಒಳಗಿನಿಂದ ಸರಳರೇಖೆಗಳಲ್ಲಿ ಜೋಡಿಸಿದರೆ, ಓರೆಬದಿಗಳು ಸಮವಾಗಿರುವ, ಒಂದೇ ವೃತ್ತದ ಮೇಲೆ ಕೂರುವ ಚತುರ್ಭುಜ ದೊರೆಯುತ್ತದೆ. ಅದರ ಎರಡು ಕರ್ಣಗಳೂ ಸಮ. ಊರುಗಳ ನಡುವಿನ ನೇರ ದೂರವೇ ಆ ಕರ್ಣ. ಕರ್ಣದ ವರ್ಗದಿಂದ ಓರೆಬದಿಯ ವರ್ಗವನ್ನು ಕಳೆದರೆ ಸಮಾಂತರ ಬದಿಗಳ ಗುಣಲಬ್ಧ ಉಳಿಯುತ್ತದೆ. ಆ ಬದಿಗಳ ಪ್ರಮಾಣ ಅಕ್ಷಾಂಶಗಳಿಂದಲೇ ಗೊತ್ತು. ಆದ್ದರಿಂದ ಅವುಗಳ ಉದ್ದವೂ ಅದರಿಂದ ರೇಖಾಂಶದ ಅಂತರವೂ ಸಿಕ್ಕಿಬಿಡುತ್ತವೆ. ಟಾಲೆಮಿಯ ಪ್ರಮೇಯ ಗ್ರೀಕರದ್ದು. ಜ್ಞಾನ ಯಾರದೆಂದು ಬಿರೂನಿ ಹಿಂಜರಿಯಲಿಲ್ಲ.

ಇದೆಲ್ಲ ಆಸ್ಥಾನದ ನೆಮ್ಮದಿಯಲ್ಲಿ ನಡೆದ ಕೆಲಸವೆಂದು ನಾವು ಭಾವಿಸಬಾರದು. 1018ರಲ್ಲಿ ಕಾಬೂಲಿನ ಬಳಿಯ ಹಳ್ಳಿಯೊಂದರಲ್ಲಿ, ತೀವ್ರ ಸಂಕಷ್ಟದ ನಡುವೆ, ಸಾಧನವೊಂದೂ ಕೈಯಲ್ಲಿಲ್ಲದಾಗ ಅವರು ಲೆಕ್ಕದ ಹಲಗೆಯ ಮೇಲೆಯೇ ಕಂಸವೊಂದನ್ನು ಗೀಚಿ, ತೂಗುದಾರ ಇಳಿಬಿಟ್ಟು ಸೂರ್ಯನ ಎತ್ತರವನ್ನು ಅಳೆದಿದ್ದರು.

ಬಗ್ದಾದಿನಿಂದ ಹೊರಟು ಊರಿನಿಂದ ಊರಿಗೆ ಈ ಲೆಕ್ಕವನ್ನೇ ಸರಪಳಿಯಂತೆ ಹೆಣೆದು ಅವರು ಘಝ್ನಿಯನ್ನು ಮುಟ್ಟಿದರು. ಅಲ್ಲಿಂದ ಅದರ ಕಿಬ್ಲಾವನ್ನು ನಿರ್ಣಯಿಸಿದರು. ಹಿಜರಿ 416ರಲ್ಲಿ, ಅಂದರೆ 1025ರಲ್ಲಿ, ಮುಗಿದ ‘ತಹ್ದೀದ್ ನಿಹಾಯಾತುಲ್ ಅಮಾಕಿನ್’ ಗ್ರಂಥದಲ್ಲಿ ಇದೆಲ್ಲ ದಾಖಲಾಗಿದೆ. ಒಂಟೆಗಳ ನಡಿಗೆಯಿಂದ ಹೊರಟ ಆ ಲೆಕ್ಕದಲ್ಲಿ ಬಗ್ದಾದ್ ಮತ್ತು ಘಝ್ನಿಗಳ ನಡುವಣ ರೇಖಾಂಶದ ಅಂತರ ಇಂದಿನ ಅಳತೆಗಿಂತ ಅರ್ಧ ಡಿಗ್ರಿಯಷ್ಟೂ ತಪ್ಪಿರಲಿಲ್ಲ.